ಬಣ್ಣದ ಖಗೋಳ ಕ್ಯಾಮೆರಾದ ಕಚ್ಚಾ ವಿಡಿಯೊದಿಂದ ಗುರುಗ್ರಹದ ಚಿತ್ರ: ಹಂತ ಹಂತದ ಮಾರ್ಗದರ್ಶಿ

ದೂರದರ್ಶಕಕ್ಕೆ ಬಣ್ಣದ ಕ್ಯಾಮೆರಾ ಜೋಡಿಸಿ ಮೊದಲ ಬಾರಿಗೆ ಗುರುಗ್ರಹದ ವಿಡಿಯೊ ಹಿಡಿದವರು ಅದನ್ನು ಕಂಪ್ಯೂಟರಿನಲ್ಲಿ ತೆರೆದಾಗ ಬೆರಗಾಗುವುದು ಸಹಜ. ಬಣ್ಣದ ಕ್ಯಾಮೆರಾದಲ್ಲಿ ತೆಗೆದ ವಿಡಿಯೊ ಕಪ್ಪು-ಬಿಳುಪಾಗಿ ಕಾಣುತ್ತದೆ. ದೊಡ್ಡದು ಮಾಡಿ ನೋಡಿದರೆ ಗ್ರಹದ ಮೈತುಂಬ ಸಣ್ಣ ಚೌಕುಳಿಗಳು ಹರಡಿಕೊಂಡಿರುತ್ತವೆ. ಏನೋ ಕೆಟ್ಟುಹೋಗಿದೆ ಎಂದುಕೊಂಡು ಹಲವರು ಕ್ಯಾಮೆರಾವನ್ನು ನೇರ ಬಣ್ಣದ ವಿಡಿಯೊ ಕೊಡುವ ಬಗೆಗೆ ಬದಲಿಸಿಬಿಡುತ್ತಾರೆ. ವಾಸ್ತವದಲ್ಲಿ ಆ ಚೌಕುಳಿಯೇ ನಮಗೆ ಬೇಕಾದ ಮೂಲದ್ರವ್ಯ. ಅದರಿಂದ ಬಣ್ಣವನ್ನು ಬಿಡಿಸಿಕೊಳ್ಳುವ ಕೆಲಸವನ್ನು ಎಷ್ಟು ತಡವಾಗಿ ಮಾಡುತ್ತೇವೆಯೋ ಚಿತ್ರ ಅಷ್ಟು ಚೆನ್ನಾಗಿ ಬರುತ್ತದೆ ಎಂಬುದು ಈ ಲೇಖನದ ಆಧಾರಸೂತ್ರ. ಮುಂದಿನ ಹಂತಗಳೆಲ್ಲ ಅದನ್ನೇ ಅನುಸರಿಸುತ್ತವೆ.

ಲೆಕ್ಕಗಳು ಸ್ಪಷ್ಟವಾಗಿರಲೆಂದು ಒಂದೇ ಉದಾಹರಣೆಯನ್ನು ಉದ್ದಕ್ಕೂ ಬಳಸುತ್ತೇನೆ. ದೂರದರ್ಶಕ 8 ಇಂಚಿನ ಶ್ಮಿಟ್-ಕ್ಯಾಸೆಗ್ರೇನ್, ಅದಕ್ಕೂ ಕ್ಯಾಮೆರಾಕ್ಕೂ ನಡುವೆ ನಾಭಿದೂರವನ್ನು ಹೆಚ್ಚಿಸುವ 1.5 ಪಟ್ಟಿನ ಬಾರ್ಲೊ ಮಸೂರ, ಆಗ ನಾಭಿದೂರ ಸುಮಾರು 3,050 ಮಿಲಿಮೀಟರ್. ಕ್ಯಾಮೆರಾದೊಳಗೆ ಸೋನಿ ಐಎಂಎಕ್ಸ್462 ಸೆನ್ಸರ್. ಅದರ ಒಂದೊಂದು ಪಿಕ್ಸೆಲ್ಲಿನ ಅಗಲ 2.9 ಮೈಕ್ರಾನ್. ಈ ಜೋಡಣೆಯಲ್ಲಿ ಒಂದು ಪಿಕ್ಸೆಲ್ ಆಕಾಶದ ಸುಮಾರು 0.2 ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೆಯ ಒಂದು ಭಾಗ) ಭಾಗವನ್ನು ನೋಡುತ್ತದೆ. 2026ರ ಜನವರಿ 10ರಂದು ಗುರುಗ್ರಹ ಸೂರ್ಯನಿಗೆ ಎದುರು ಬಂದಾಗ ಅದರ ವ್ಯಾಸ ಸುಮಾರು 46 ಆರ್ಕ್‌ಸೆಕೆಂಡ್ ಇತ್ತು. ಎಂದರೆ ಸೆನ್ಸರಿನ ಮೇಲೆ ಸುಮಾರು 235 ಪಿಕ್ಸೆಲ್ ಅಗಲದ ಬಿಂಬ. ನಾಭಿ ಅನುಪಾತ (ನಾಭಿದೂರವನ್ನು ದೂರದರ್ಶಕದ ವ್ಯಾಸದಿಂದ ಭಾಗಿಸಿದರೆ ಸಿಗುವ ಅಂಕಿ) ಪಿಕ್ಸೆಲ್ಲಿನ ಮೈಕ್ರಾನ್ ಅಳತೆಯ ಐದು ಪಟ್ಟಿನ ಆಸುಪಾಸಿನಲ್ಲಿರಲಿ ಎಂಬುದು ಗ್ರಹಚಿತ್ರಕಾರರು ಪಾಲಿಸುವ ರೂಢಿ. ಇಲ್ಲಿ ಅದು ಎಫ್/15.

ಫೈಲಿನೊಳಗೆ ಇರುವುದೇನು

ಸೆನ್ಸರಿನ ಪಿಕ್ಸೆಲ್ಲಿಗೆ ಬಣ್ಣ ತಿಳಿಯುವುದಿಲ್ಲ. ಬಿದ್ದ ಬೆಳಕು ಎಷ್ಟು ಎಂಬುದಷ್ಟೇ ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ಪ್ರತಿ ಪಿಕ್ಸೆಲ್ಲಿನ ಮೇಲೆ ಕೆಂಪು, ಹಸಿರು ಅಥವಾ ನೀಲಿ ಫಿಲ್ಟರಿನ ತುಣುಕೊಂದನ್ನು ಕೂರಿಸಿರುತ್ತಾರೆ. ಕೊಡಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ರೂಪಿಸಿದ, 1976ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆಯಲ್ಲಿ ಪ್ರತಿ ನಾಲ್ಕು ಪಿಕ್ಸೆಲ್ಲಿನ ಮನೆಯಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ ಇರುತ್ತವೆ. ಗುರುವಿನ ಕಂದು ಪಟ್ಟಿಯ ಮೇಲೆ ಬಿದ್ದ ಒಂದು ಮನೆಯನ್ನು ತೆರೆದು ನೋಡಿದರೆ, ಉದಾಹರಣೆಗೆ, ಮೇಲಿನ ಸಾಲಿನಲ್ಲಿ 142 ಮತ್ತು 168, ಕೆಳಗಿನ ಸಾಲಿನಲ್ಲಿ 165 ಮತ್ತು 71 ಎಂಬ ನಾಲ್ಕು ಅಂಕಿಗಳು ಸಿಗಬಹುದು. ಮೊದಲನೆಯದು ಕೆಂಪಿನ ಅಳತೆ, ನಡುವಿನ ಎರಡು ಹಸಿರಿನವು, ಕೊನೆಯದು ನೀಲಿಯದು. ನೀಲಿ ಅಂಕಿ ಅಷ್ಟು ಕಡಿಮೆ ಇರುವುದರಿಂದಲೇ ಆ ಪಟ್ಟಿ ಕಂದು ಬಣ್ಣದ್ದೆಂದು ನಮಗೆ ತಿಳಿಯುವುದು. ಕಪ್ಪು-ಬಿಳುಪಿನಲ್ಲಿ ಅದೇ ಅಂಕಿಗಳು ಬೆಳಕು ಕತ್ತಲಿನ ಚೌಕುಳಿಯಾಗಿ ತೋರುತ್ತವೆ.

ಕೆಂಪು ಪಿಕ್ಸೆಲ್ ಇರುವಲ್ಲಿ ಹಸಿರು ಮತ್ತು ನೀಲಿಯ ಅಳತೆ ಇಲ್ಲ. ಸುತ್ತಲಿನ ಪಿಕ್ಸೆಲ್‌ಗಳನ್ನು ನೋಡಿ ಆ ಕೊರತೆಯನ್ನು ಅಂದಾಜಿನಿಂದ ತುಂಬುವುದಕ್ಕೆ ಡಿಬೇಯರ್ ಮಾಡುವುದು ಎನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ ಒಂದು ಕೆಂಪು ಪಿಕ್ಸೆಲ್ಲಿಗೂ ಮುಂದಿನ ಕೆಂಪು ಪಿಕ್ಸೆಲ್ಲಿಗೂ ನಡುವಿನ ದೂರ 0.4 ಆರ್ಕ್‌ಸೆಕೆಂಡ್. 8 ಇಂಚಿನ ದೂರದರ್ಶಕ ಬಿಡಿಸಿ ತೋರಬಲ್ಲ ಅತಿ ಸಣ್ಣ ಅಂತರ 0.57 ಆರ್ಕ್‌ಸೆಕೆಂಡ್. ಎಂದರೆ ಒಂದೇ ಒಂದು ಫ್ರೇಮಿನಲ್ಲಿ ಕೆಂಪು ಮತ್ತು ನೀಲಿಯ ಮಾದರಿಗಳು ದೂರದರ್ಶಕದ ಸಾಮರ್ಥ್ಯವನ್ನು ಪೂರ್ತಿ ಹಿಡಿಯುವಷ್ಟು ಒತ್ತಾಗಿಲ್ಲ. ಅಲ್ಲಿ ಅಂದಾಜಿನಿಂದ ತುಂಬಿದ ಸೂಕ್ಷ್ಮ ವಿವರ ನಿಜವಾದ ವಿವರವಲ್ಲ.

ಆದರೆ ನಮ್ಮ ಬಳಿ ಇರುವುದು ಸಾವಿರಾರು ಫ್ರೇಮುಗಳು. ಗಾಳಿಯ ಕದಲಿಕೆಯಿಂದಲೂ ದೂರದರ್ಶಕದ ಪೀಠದ ಸಣ್ಣ ತಪ್ಪುಗಳಿಂದಲೂ ಗ್ರಹ ಸೆನ್ಸರಿನ ಮೇಲೆ ಸದಾ ಅತ್ತಿತ್ತ ಸರಿಯುತ್ತಿರುತ್ತದೆ. ಹೀಗಾಗಿ ಗುರುವಿನ ಮೇಲಿನ ಒಂದು ನಿರ್ದಿಷ್ಟ ಬಿಂದು ಒಂದು ಫ್ರೇಮಿನಲ್ಲಿ ಕೆಂಪು ಪಿಕ್ಸೆಲ್ಲಿನ ಮೇಲೆ, ಇನ್ನೊಂದರಲ್ಲಿ ಹಸಿರಿನ ಮೇಲೆ, ಮತ್ತೊಂದರಲ್ಲಿ ನೀಲಿಯ ಮೇಲೆ ಬೀಳುತ್ತದೆ. ಎಲ್ಲ ಫ್ರೇಮುಗಳನ್ನು ಸೇರಿಸುವ ಹೊತ್ತಿನವರೆಗೆ ಕಚ್ಚಾ ಅಂಕಿಗಳನ್ನು ಹಾಗೆಯೇ ಉಳಿಸಿಕೊಂಡಿದ್ದರೆ, ಪ್ರತಿ ಬಿಂದುವಿಗೂ ಮೂರು ಬಣ್ಣದ ನಿಜವಾದ ಅಳತೆಗಳು ಸಿಗುತ್ತವೆ. ಅಂದಾಜಿನ ಅಗತ್ಯವೇ ಬೀಳುವುದಿಲ್ಲ. ಇದನ್ನು ಬೇಯರ್ ಡ್ರಿಜಲ್ ಎನ್ನುತ್ತಾರೆ. ಡ್ರಿಜಲ್ ಎಂಬ ವಿಧಾನವನ್ನು ಆಂಡ್ರ್ಯೂ ಫ್ರುಕ್ಟರ್ ಮತ್ತು ರಿಚರ್ಡ್ ಹುಕ್ ಅವರು 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕ ತೆಗೆದ ಆಳಾಕಾಶದ ಚಿತ್ರಗಳನ್ನು ಸೇರಿಸುವುದಕ್ಕೆಂದು ರೂಪಿಸಿದರು. ಪೀಠವನ್ನು ಗ್ರಹಕ್ಕೆ ಬಿಗಿಯಾಗಿ ಕಟ್ಟಿಹಾಕಲು ಯಾರೂ ಪರದಾಡಬೇಕಾಗಿಲ್ಲ ಎನ್ನುವುದೂ ಇದರಿಂದ ತಿಳಿಯುತ್ತದೆ. ಗ್ರಹ ಚೌಕಟ್ಟಿನೊಳಗೆ ನಿಧಾನವಾಗಿ ತೇಲುತ್ತಿದ್ದರೆ ಲಾಭವೇ.

ಹಿಡಿಯುವಾಗಲೇ ಮಾಡಬೇಕಾದ ಆಯ್ಕೆಗಳು

ಫೈರ್‌ಕ್ಯಾಪ್ಚರ್ ಅಥವಾ ಶಾರ್ಪ್‌ಕ್ಯಾಪ್‌ನಂಥ ತಂತ್ರಾಂಶದಲ್ಲಿ ಬಣ್ಣದ ಬಗೆಯನ್ನು ರಾ8 (ಪ್ರತಿ ಪಿಕ್ಸೆಲ್ಲಿನ ಕಚ್ಚಾ ಅಳತೆಯನ್ನು ಎಂಟು ಬಿಟ್‌ನಲ್ಲಿ, ಎಂದರೆ 0ರಿಂದ 255ರೊಳಗಿನ ಅಂಕಿಯಾಗಿ ಬರೆಯುವ ಬಗೆ) ಎಂದು ಆರಿಸಿ, ಫೈಲಿನ ಬಗೆಯನ್ನು ಖಗೋಳ ವಿಡಿಯೊಗಳಿಗೆ ಬಳಸುವ ಎಸ್‌ಇಆರ್ ಎಂದು ಆರಿಸಿಕೊಳ್ಳಿ. ಪರದೆಯ ಮೇಲೆ ಫೋಕಸ್ ನೋಡಿಕೊಳ್ಳಲು ಬಣ್ಣದ ಮುನ್ನೋಟ ಬೇಕೆನಿಸಿದರೆ ಇಟ್ಟುಕೊಳ್ಳಬಹುದು. ಡಿಸ್ಕಿಗೆ ಬರೆಯುವುದು ಮಾತ್ರ ಕಚ್ಚಾ ಅಂಕಿಗಳೇ ಆಗಿರಬೇಕು. ಮುನ್ನೋಟಕ್ಕೆ ಹಾಕಿದ ಆಯ್ಕೆ ಬರೆಯುವ ಫೈಲಿಗೂ ಅನ್ವಯವಾಗುತ್ತದೆಯೇ ಎಂದು ಹತ್ತು ಸೆಕೆಂಡಿನ ಪರೀಕ್ಷಾ ವಿಡಿಯೊ ತೆಗೆದು ಮೊದಲೇ ನೋಡಿಕೊಳ್ಳುವುದು ಜಾಣತನ.

ಇದರಿಂದ ಆಗುವ ಉಳಿತಾಯವೂ ದೊಡ್ಡದು. 640×480 ಪಿಕ್ಸೆಲ್ಲಿನ ಚೌಕಟ್ಟಿನಲ್ಲಿ ಸೆಕೆಂಡಿಗೆ 100 ಫ್ರೇಮಿನಂತೆ ಎರಡು ನಿಮಿಷ ಹಿಡಿದರೆ 12,000 ಫ್ರೇಮುಗಳಾಗುತ್ತವೆ. ರಾ8ರಲ್ಲಿ ಪಿಕ್ಸೆಲ್ಲಿಗೆ ಒಂದು ಬೈಟ್ ಮಾತ್ರ ಬೇಕಾದ್ದರಿಂದ ಅಷ್ಟಕ್ಕೂ ಸುಮಾರು 3.7 ಗಿಗಾಬೈಟ್ ಸಾಕು. ಆರ್‌ಜಿಬಿ24 ಎಂಬ ಬಗೆಯನ್ನು ಆರಿಸಿದರೆ ಪಿಕ್ಸೆಲ್ಲಿಗೆ ಮೂರು ಬೈಟ್ ಹೋಗುತ್ತದೆ, ಫೈಲು 11 ಗಿಗಾಬೈಟಿಗೆ ಏರುತ್ತದೆ, ಹಿಡಿಯುವ ವೇಗವೂ ಕುಸಿಯಬಹುದು. ಹೆಚ್ಚಿನ ಆ ಎರಡು ಬೈಟುಗಳಲ್ಲಿ ಸೆನ್ಸರ್ ಅಳೆದ ಹೊಸ ಸಂಗತಿ ಏನೂ ಇರುವುದಿಲ್ಲ, ಇರುವುದೆಲ್ಲ ಅವಸರದಲ್ಲಿ ಮಾಡಿದ ಅಂದಾಜು.

ಹದಿನಾರು ಬಿಟ್‌ನ ರಾ16 ಬೇಡವೇ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಗ್ರಹಗಳ ವಿಡಿಯೊಗೆ ಗೇನ್ (ಸೆನ್ಸರಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚಿಟ್ಟು 5ರಿಂದ 10 ಮಿಲಿಸೆಕೆಂಡಿನ ಸಣ್ಣ ಎಕ್ಸ್‌ಪೋಷರ್ ಕೊಡುವುದರಿಂದ, ಪ್ರತಿ ಫ್ರೇಮಿನ ಗದ್ದಲ, ಎಂದರೆ ಅಂಕಿಗಳಲ್ಲಿ ಗೊತ್ತುಗುರಿಯಿಲ್ಲದೆ ಆಗುವ ಏರಿಳಿತ, ಎಂಟು ಬಿಟ್‌ನ ಒಂದು ಮೆಟ್ಟಿಲಿಗಿಂತ ದೊಡ್ಡದಾಗಿಯೇ ಇರುತ್ತದೆ. ಆ ಗದ್ದಲವೇ ಮೆಟ್ಟಿಲುಗಳ ನಡುವಿನ ಬೆಲೆಗಳನ್ನು ಸರಾಸರಿಯಲ್ಲಿ ಹೊರತರುತ್ತದೆ. 3,000 ಫ್ರೇಮುಗಳನ್ನು ಸೇರಿಸಿದಾಗ ಸಿಗುವ ಛಾಯೆಗಳು 256ಕ್ಕೆ ಸೀಮಿತವಾಗಿರುವುದಿಲ್ಲ. ಆದ್ದರಿಂದ ಗುರು, ಶನಿ, ಮಂಗಳಗಳಿಗೆ ರಾ8 ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಗೇನ್ ಬಹಳ ತಗ್ಗಿಸಿ ತೆಗೆಯುವ ಚಂದ್ರನ ಚಿತ್ರಗಳಿಗೆ, ಫ್ರೇಮುಗಳ ಸಂಖ್ಯೆಯೂ ಕಡಿಮೆ ಇದ್ದಾಗ, ರಾ16 ಬಳಸುವುದಕ್ಕೆ ಅರ್ಥವಿದೆ.

ಬಿಳಿ ಸಮತೋಲ, ಗಾಮಾ, ತಾನೇ ಹೊಂದಿಕೊಳ್ಳುವ ಎಕ್ಸ್‌ಪೋಷರ್ ಇವ್ಯಾವುವೂ ಹಿಡಿಯುವಾಗ ಬೇಡ. ಎಂಟು ಬಿಟ್‌ನಲ್ಲಿ ನೀಲಿಯನ್ನು ಒಂದೂವರೆ ಪಟ್ಟು ಹೆಚ್ಚಿಸಿ ಬರೆದರೆ ಕೆಲವು ಅಂಕಿಗಳು ಬರುವುದೇ ಇಲ್ಲ, ಹಿಸ್ಟೋಗ್ರಾಮ್‌ನಲ್ಲಿ (ಯಾವ ಅಂಕಿ ಎಷ್ಟು ಪಿಕ್ಸೆಲ್‌ಗಳಲ್ಲಿದೆ ಎಂದು ತೋರುವ ನಕ್ಷೆಯಲ್ಲಿ) ಖಾಲಿ ಸಂದುಗಳು ಕಾಣಿಸಿಕೊಳ್ಳುತ್ತವೆ, ಮೇಲ್ತುದಿಯ ಅಂಕಿಗಳು 255ರಲ್ಲಿ ಕತ್ತರಿಸಿಹೋಗುತ್ತವೆ. ಸೇರಿಸಿದ ಮೇಲೆ ಹೆಚ್ಚಿಸಿದರೆ ಈ ನಷ್ಟ ಯಾವುದೂ ಇಲ್ಲ. ಅತಿ ಪ್ರಕಾಶದ ಬಣ್ಣದ ತುದಿ, ಬಹುಪಾಲು ಅದು ಹಸಿರು, ಹಿಸ್ಟೋಗ್ರಾಮ್‌ನ 60ರಿಂದ 75 ಶೇಕಡಾ ಒಳಗೆ ನಿಲ್ಲುವಂತೆ ಗೇನ್ ಹೊಂದಿಸಿಕೊಳ್ಳಿ.

ಹಿಡಿಯುವ ಹಂತದಲ್ಲಿ ಬಿಟ್ಟುಬಿಟ್ಟರೆ ಆಮೇಲೆ ಯಾವ ತಂತ್ರಾಂಶದಿಂದಲೂ ಸರಿಪಡಿಸಲಾಗದ ಒಂದು ಸಂಗತಿ ಇದೆ: ಅವಕೆಂಪು ತಡೆಯುವ ಫಿಲ್ಟರ್. ಐಎಂಎಕ್ಸ್462 ಸೆನ್ಸರಿಗೆ ಅವಕೆಂಪು ಬೆಳಕು ಚೆನ್ನಾಗಿ ಕಾಣುತ್ತದೆ. 850 ನ್ಯಾನೋಮೀಟರ್ ಸುಮಾರಿನಲ್ಲಿ ಕೆಂಪು, ಹಸಿರು, ನೀಲಿ ಫಿಲ್ಟರುಗಳು ಮೂರೂ ಬೆಳಕನ್ನು ಒಂದೇ ತೆರನಾಗಿ ಒಳಗೆ ಬಿಡುತ್ತವೆ. ಕ್ಯಾಮೆರಾದ ಮುಂದೆ ಅವಕೆಂಪು ಮತ್ತು ಅತಿನೇರಳೆಯನ್ನು ತಡೆಯುವ ಫಿಲ್ಟರ್ ಇಲ್ಲದಿದ್ದರೆ ಮೂರೂ ಬಣ್ಣಗಳ ಮೇಲೆ ಒಂದೇ ಬೂದು ಬೆಳಕು ಬಂದು ಕೂರುತ್ತದೆ, ಗುರುವಿನ ಪಟ್ಟಿಗಳು ತೊಳೆದಂತೆ ಬಿಳಿಚಿಕೊಳ್ಳುತ್ತವೆ.

ಬೇಯರ್ ಕ್ರಮವನ್ನು ಖಚಿತಪಡಿಸಿಕೊಳ್ಳುವುದು

ಎಸ್‌ಇಆರ್ ಫೈಲಿನ ಆರಂಭದಲ್ಲಿ 178 ಬೈಟ್‌ಗಳ ತಲೆಬರಹವಿರುತ್ತದೆ. ಚಿತ್ರದ ಅಗಲ, ಎತ್ತರ, ಫ್ರೇಮುಗಳ ಸಂಖ್ಯೆ, ಬಿಟ್ ಆಳ ಇವುಗಳ ಜೊತೆಗೆ ಬಣ್ಣದ ಜೋಡಣೆಯನ್ನು ಸೂಚಿಸುವ ಅಂಕಿಯೊಂದು ಅದರಲ್ಲಿದೆ: 8 ಎಂದರೆ ಆರ್‌ಜಿಜಿಬಿ (ಮೇಲಿನ ಸಾಲಿನಲ್ಲಿ ಕೆಂಪು ಮತ್ತು ಹಸಿರು, ಕೆಳಗಿನದರಲ್ಲಿ ಹಸಿರು ಮತ್ತು ನೀಲಿ), 9 ಎಂದರೆ ಜಿಆರ್‌ಬಿಜಿ, 10 ಎಂದರೆ ಜಿಬಿಆರ್‌ಜಿ, 11 ಎಂದರೆ ಬಿಜಿಜಿಆರ್, 0 ಇದ್ದರೆ ಬಣ್ಣವೇ ಇಲ್ಲದ ಫೈಲು ಎಂದರ್ಥ. ಫೈಲಿನ ಕೊನೆಯಲ್ಲಿ ಪ್ರತಿ ಫ್ರೇಮ್ ಹಿಡಿದ ಸಮಯವನ್ನೂ ಬರೆದಿಡಬಹುದು. ಎವಿಐ ಬಗೆಯಲ್ಲಿ ಈ ಅನುಕೂಲಗಳು ಇಲ್ಲ. ಅದರಲ್ಲೂ ಒತ್ತಡ ಹಾಕಿ ಚಿಕ್ಕದಾಗಿಸಿದ ಎವಿಐ ಅಥವಾ ಎಂಪಿ4 ಆದರೆ ಬೇಯರ್ ಚೌಕುಳಿ ಅಳಿಸಿಹೋಗಿ ಬಣ್ಣ ಮರಳಿ ಸಿಗುವ ದಾರಿಯೇ ಮುಚ್ಚುತ್ತದೆ.

ಫೈಲನ್ನು ಎಸ್‌ಇಆರ್ ಪ್ಲೇಯರ್‌ನಲ್ಲಿ ತೆರೆದು ಮೊದಲು ಡಿಬೇಯರ್ ಇಲ್ಲದೆ, ಆಮೇಲೆ ಡಿಬೇಯರ್ ಹಾಕಿ ನೋಡಿ. ಕ್ರಮ ತಪ್ಪಿದ್ದರೆ ಅದು ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಕಲಿತುಕೊಂಡರೆ ಗಂಟೆಗಟ್ಟಲೆ ತಲೆಕೆರೆದುಕೊಳ್ಳುವುದು ತಪ್ಪುತ್ತದೆ. ಆರ್‌ಜಿಜಿಬಿ ಇರುವಲ್ಲಿ ಬಿಜಿಜಿಆರ್ ಎಂದು ಕೊಟ್ಟರೆ ಕೆಂಪು ನೀಲಿಗಳು ಅದಲುಬದಲಾಗಿ ಗುರುವಿನ ಪಟ್ಟಿಗಳು ನೀಲಿಯಾಗುತ್ತವೆ. ಹಸಿರು ಮಾತ್ರ ಸರಿಯಾದ ಜಾಗದಲ್ಲೇ ಇರುವುದರಿಂದ ವಿವರ ಕೆಡುವುದಿಲ್ಲ. ಜಿಆರ್‌ಬಿಜಿ ಅಥವಾ ಜಿಬಿಆರ್‌ಜಿ ಎಂದು ಕೊಟ್ಟರೆ ಹಸಿರಿನ ಜಾಗವೇ ತಪ್ಪುತ್ತದೆ, ಗ್ರಹ ನೇರಳೆಗೆಂಪಿಗೆ ತಿರುಗುತ್ತದೆ, ಸಣ್ಣ ಚೌಕುಳಿಯ ಗುರುತು ಬಣ್ಣದ ಚಿತ್ರದಲ್ಲೂ ಉಳಿದುಕೊಳ್ಳುತ್ತದೆ.

ತಲೆಬರಹದಲ್ಲಿ ಸರಿಯಾಗಿ ಬರೆದಿದ್ದರೂ ಕ್ರಮ ತಪ್ಪುವುದಕ್ಕೆ ಎರಡು ಸಾಮಾನ್ಯ ಕಾರಣಗಳಿವೆ. ಹಿಡಿಯುವಾಗ ಚಿತ್ರವನ್ನು ತಲೆಕೆಳಗು ಮಾಡುವ ಆಯ್ಕೆ ಹಾಕಿದ್ದರೆ ಸಾಲುಗಳ ಸರದಿ ಬದಲಾಗಿ ಆರ್‌ಜಿಜಿಬಿ ಹೋಗಿ ಜಿಬಿಆರ್‌ಜಿ ಆಗುತ್ತದೆ. ಎಡಬಲ ತಿರುಗಿಸಿದ್ದರೆ ಜಿಆರ್‌ಬಿಜಿ ಆಗುತ್ತದೆ. ಎರಡನೆಯದು ಕತ್ತರಿಸುವಿಕೆ. ಗ್ರಹವನ್ನು ನಡುವಿಗೆ ತಂದು ಸುತ್ತಲಿನ ಕತ್ತಲನ್ನು ಕತ್ತರಿಸಿ ಫೈಲು ಚಿಕ್ಕದು ಮಾಡಲು ಪಿಐಪಿಪಿ ಎಂಬ ತಂತ್ರಾಂಶವನ್ನು ಬಳಸುವವರಿದ್ದಾರೆ. ಪ್ರತಿ ಫ್ರೇಮನ್ನು ಬೆಸ ಸಂಖ್ಯೆಯ ಪಿಕ್ಸೆಲ್‌ಗಳಷ್ಟು ಸರಿಸಿ ಕತ್ತರಿಸಿದರೆ ಒಂದು ಫ್ರೇಮಿನಲ್ಲಿ ಕೆಂಪಿದ್ದ ಜಾಗಕ್ಕೆ ಇನ್ನೊಂದರಲ್ಲಿ ಹಸಿರು ಬಂದು ಕೂರುತ್ತದೆ, ಸೇರಿಸಿದಾಗ ಬಣ್ಣವೆಲ್ಲ ಕಲೆತು ಬೂದಾಗುತ್ತದೆ. ಬೇಯರ್ ಜೋಡಣೆಯನ್ನು ಕಾಪಾಡುವ ಆಯ್ಕೆಯನ್ನು ಪಿಐಪಿಪಿಯಲ್ಲಿ ಇದಕ್ಕೆಂದೇ ಇಟ್ಟಿದ್ದಾರೆ. ಅದಕ್ಕೆ ಗುರುತು ಹಾಕಿ ಮುಂದುವರಿಯಿರಿ. ಗ್ರಹ ಚೌಕಟ್ಟಿನಿಂದ ಹೊರಗೆ ಹೋಗಿಬಂದ ಫ್ರೇಮುಗಳು ಇಲ್ಲದಿದ್ದರೆ ಈ ಹಂತವೇ ಬೇಕಾಗಿಲ್ಲ.

ಫ್ರೇಮುಗಳನ್ನು ಆರಿಸಿ ಸೇರಿಸುವುದು

ಎಮಿಲ್ ಕ್ರಾಯ್‌ಕಾಂಪ್ ಬರೆದ ಆಟೋಸ್ಟ್ಯಾಕರ್ಟ್ ಈ ಕೆಲಸಕ್ಕೆ ಬಹುಪಾಲು ಗ್ರಹಚಿತ್ರಕಾರರು ಬಳಸುವ ಉಚಿತ ತಂತ್ರಾಂಶ. ಕಚ್ಚಾ ಎಸ್‌ಇಆರ್ ಫೈಲನ್ನೇ ನೇರವಾಗಿ ಅದರಲ್ಲಿ ತೆರೆಯಿರಿ. ಕಲರ್ ಪಟ್ಟಿಯಲ್ಲಿ ತಾನೇ ಗುರುತಿಸುವ ಆಯ್ಕೆ ಇದ್ದರೆ ತಲೆಬರಹ ಓದಿ ಬೇಯರ್ ಕ್ರಮವನ್ನು ಹಿಡಿಯುತ್ತದೆ. ಚಿತ್ರದ ಕಿಟಕಿಯಲ್ಲಿ ಬಣ್ಣ ತಪ್ಪಾಗಿ ಕಂಡರೆ ಹಿಂದಿನ ಹಂತದಲ್ಲಿ ಕಂಡುಕೊಂಡ ಕ್ರಮವನ್ನು ಅದೇ ಪಟ್ಟಿಯಲ್ಲಿ ಆರಿಸಿ. ಕಚ್ಚಾ ಫೈಲನ್ನು ಕೊಟ್ಟಾಗ ಮೇಲೆ ಹೇಳಿದ ಬೇಯರ್ ಡ್ರಿಜಲ್ ವಿಧಾನದಲ್ಲೇ ಅದು ಬಣ್ಣಗಳನ್ನು ಜೋಡಿಸುತ್ತದೆ. ಮೊದಲೇ ಡಿಬೇಯರ್ ಮಾಡಿದ ಫೈಲನ್ನು ಕೊಟ್ಟರೆ ಆ ಅವಕಾಶ ಅದಕ್ಕೆ ಇರುವುದಿಲ್ಲ.

ಸ್ಥಿರಗೊಳಿಸುವ ವಿಧಾನವಾಗಿ ಪ್ಲಾನೆಟ್ ಎಂಬುದನ್ನು ಆರಿಸಿ. ಚಂದ್ರನ ಮೇಲ್ಮೈ ಚೌಕಟ್ಟನ್ನು ತುಂಬಿದ್ದಾಗ ಮಾತ್ರ ಸರ್ಫೇಸ್ ಬೇಕು. ಗುಣಮಟ್ಟ ಅಳೆಯಲು ಲಾಪ್ಲಾಸ್ ಆಯ್ಕೆಯನ್ನು ಹಾಗೆಯೇ ಬಿಡಿ. ಗದ್ದಲಕ್ಕೆ ಎಷ್ಟು ಮಣೆ ಹಾಕಬಾರದು ಎಂಬುದನ್ನು ಹೇಳುವ ನಾಯ್ಸ್ ರೋಬಸ್ಟ್ ಅಂಕಿ ಸಾಮಾನ್ಯ ರಾತ್ರಿಗೆ 4 ಸರಿಯಾಗುತ್ತದೆ. ಗೇನ್ ಬಹಳ ಹೆಚ್ಚಿದ್ದರೆ 5 ಅಥವಾ 6ಕ್ಕೆ ಏರಿಸಿ. ವಿಶ್ಲೇಷಣೆ ಮುಗಿದಾಗ ಫ್ರೇಮುಗಳು ಒಳ್ಳೆಯದರಿಂದ ಕೆಟ್ಟದರ ಕಡೆಗೆ ಸಾಲಾಗಿ ನಿಂತು ಒಂದು ಇಳಿಜಾರಿನ ಗೆರೆ ಮೂಡುತ್ತದೆ. ಚಿತ್ರದ ಕಿಟಕಿಯ ಕೆಳಗಿನ ಜಾರುಗುಂಡಿಯನ್ನು ನಿಧಾನವಾಗಿ ಎಳೆಯುತ್ತ ಮೊದಲ ಫ್ರೇಮನ್ನೂ ನಡುವಿನದನ್ನೂ ಕೊನೆಯದನ್ನೂ ಸ್ವತಃ ನೋಡಿ. ಗೆರೆಗಿಂತ ಕಣ್ಣಿನ ತೀರ್ಪೇ ಇಲ್ಲಿ ಮುಖ್ಯ. ಪಟ್ಟಿಗಳ ಅಂಚು ಯಾವ ಶೇಕಡಾದ ನಂತರ ಮಸುಕಾಗುತ್ತ ಹೋಗುತ್ತದೆಯೋ ಅಲ್ಲಿಗೆ ಆಯ್ಕೆಯನ್ನು ನಿಲ್ಲಿಸಬೇಕು.

ಎಷ್ಟು ಫ್ರೇಮು ಸೇರಿಸಬೇಕೆಂಬುದಕ್ಕೆ ಸಿದ್ಧ ಉತ್ತರವಿಲ್ಲ, ಆದರೆ ಲೆಕ್ಕ ಸರಳ. ಗದ್ದಲ ಫ್ರೇಮುಗಳ ಸಂಖ್ಯೆಯ ವರ್ಗಮೂಲದಷ್ಟು ಕಡಿಮೆಯಾಗುತ್ತದೆ. 12,000ರಲ್ಲಿ ಕಾಲುಭಾಗ, ಎಂದರೆ 3,000 ಫ್ರೇಮು ಸೇರಿಸಿದರೆ ಗದ್ದಲ ಸುಮಾರು 55 ಪಟ್ಟು ಇಳಿಯುತ್ತದೆ. ಅರ್ಧಭಾಗ ಸೇರಿಸಿದರೆ 77 ಪಟ್ಟು. ಈ ಹೆಚ್ಚಿನ ಲಾಭಕ್ಕಾಗಿ ಕೆಟ್ಟ ಫ್ರೇಮುಗಳನ್ನು ಒಳಗೆ ಬಿಟ್ಟುಕೊಳ್ಳುವುದು ಗಾಳಿ ಸ್ಥಿರವಾಗಿದ್ದ ರಾತ್ರಿಯಲ್ಲಿ ಸರಿ, ಕದಲುತ್ತಿದ್ದ ರಾತ್ರಿಯಲ್ಲಿ ತಪ್ಪು. ಆಟೋಸ್ಟ್ಯಾಕರ್ಟ್ ಒಂದೇ ಬಾರಿಗೆ ನಾಲ್ಕು ಬೇರೆ ಬೇರೆ ಶೇಕಡಾಗಳಿಗೆ ಚಿತ್ರ ಮಾಡಿಕೊಡುತ್ತದೆ. 10, 25, 40, 60 ಎಂದು ಕೊಟ್ಟು ನಾಲ್ಕನ್ನೂ ಹರಿತಗೊಳಿಸಿ ಹೋಲಿಸಿ ನೋಡಿದರೆ ಆ ರಾತ್ರಿಯ ಗಾಳಿ ಹೇಗಿತ್ತೆಂಬುದು ಚೆನ್ನಾಗಿ ಅರ್ಥವಾಗುತ್ತದೆ. ಬಣ್ಣದ ಕ್ಯಾಮೆರಾದಲ್ಲಿ ಶೇಕಡಾವನ್ನು ಬಹಳ ತಗ್ಗಿಸಬಾರದೆಂಬುದನ್ನೂ ನೆನಪಿಡಬೇಕು, ಏಕೆಂದರೆ ಕೆಂಪು ಮತ್ತು ನೀಲಿಗೆ ಪ್ರತಿ ಬಿಂದುವಿನಲ್ಲೂ ಸಿಗುವುದು ನಾಲ್ಕರಲ್ಲಿ ಒಂದು ಪಾಲಿನ ಅಳತೆ ಮಾತ್ರ.

ಹೊಂದಾಣಿಕೆಯ ಬಿಂದುಗಳನ್ನು (ಫ್ರೇಮುಗಳನ್ನು ಒಂದರ ಮೇಲೊಂದು ಕೂರಿಸಲು ತಂತ್ರಾಂಶ ಹೋಲಿಸಿ ನೋಡುವ ತುಣುಕುಗಳನ್ನು) ಇಡುವಾಗ 235 ಪಿಕ್ಸೆಲ್ಲಿನ ಬಿಂಬಕ್ಕೆ 48 ಅಥವಾ 64ರ ಗಾತ್ರ ಹಿತವಾಗಿರುತ್ತದೆ. ಇನ್ನೂ ಚಿಕ್ಕದಾಗಿಸಿದರೆ ತಂತ್ರಾಂಶ ಗದ್ದಲವನ್ನೇ ವಿವರವೆಂದು ಹಿಡಿದು ಹೊಂದಿಸಲು ಹೋಗುತ್ತದೆ, ಪಟ್ಟಿಗಳ ಅಂಚಿನಲ್ಲಿ ಅಕ್ಕಪಕ್ಕದ ತುಣುಕುಗಳು ಕೂಡಿದ ಗುರುತು ಉಳಿಯುತ್ತದೆ. ಡ್ರಿಜಲ್ ಎಂಬ ಹಿಗ್ಗಿಸುವ ಆಯ್ಕೆ ಪ್ರತ್ಯೇಕವಾಗಿಯೂ ಇದೆ. ಎಫ್/15ರ ಸುಮಾರಿನಲ್ಲಿ ಅದು ಬೇಡ, ಬಾರ್ಲೊ ಇಲ್ಲದೆ ಎಫ್/10ರಲ್ಲಿ ತೆಗೆದಿದ್ದರೆ 1.5 ಪಟ್ಟಿನದನ್ನು ಪ್ರಯತ್ನಿಸಬಹುದು. ಫಲಿತಾಂಶವನ್ನು 16 ಬಿಟ್‌ನ ಟಿಫ್ ಆಗಿ ಉಳಿಸಿಕೊಳ್ಳಿ.

ಸೆನ್ಸರಿನಲ್ಲಿ ಸದಾ ಹೊಳೆಯುವ ಕೆಟ್ಟ ಪಿಕ್ಸೆಲ್ ಇದ್ದರೆ ಗ್ರಹ ತೇಲಿದ ದಾರಿಯಲ್ಲಿ ಅದು ಕೆಂಪು ಅಥವಾ ನೀಲಿ ಗೀರಾಗಿ ಚಿತ್ರದಲ್ಲಿ ಉಳಿಯುತ್ತದೆ. ಮುಚ್ಚಳ ಹಾಕಿ ಅದೇ ಗೇನ್, ಅದೇ ಎಕ್ಸ್‌ಪೋಷರ್‌ನಲ್ಲಿ, ಕಚ್ಚಾ ಬಗೆಯಲ್ಲೇ ತೆಗೆದ ಡಾರ್ಕ್ ಫ್ರೇಮನ್ನು ಕಳೆದರೆ ಅದು ಹೋಗುತ್ತದೆ.

ಗುರುವಿನ ತಿರುಗುವಿಕೆ

ಗುರು ತನ್ನ ಸುತ್ತ ತಿರುಗಲು 10 ಗಂಟೆಯೂ ಹಿಡಿಯುವುದಿಲ್ಲ. ಅದರ ಸಮಭಾಜಕದಲ್ಲಿ ಮೋಡಗಳು ಸೆಕೆಂಡಿಗೆ ಸುಮಾರು 12.6 ಕಿಲೋಮೀಟರ್ ಸಾಗುತ್ತವೆ. ಎರಡು ನಿಮಿಷಕ್ಕೆ 1,500 ಕಿಲೋಮೀಟರ್. ಸೂರ್ಯನಿಗೆ ಎದುರಿರುವಾಗಿನ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಎಂದರೆ ಸುಮಾರು 3,000 ಕಿಲೋಮೀಟರ್ ಆದ್ದರಿಂದ ಎರಡು ನಿಮಿಷದಲ್ಲಿ ಬಿಂಬದ ನಡುವಿನ ವಿವರ ಅರ್ಧ ಆರ್ಕ್‌ಸೆಕೆಂಡ್ ಸರಿದಿರುತ್ತದೆ. 8 ಇಂಚಿನ ದೂರದರ್ಶಕದ ಮಿತಿಯೂ ಸರಿಸುಮಾರು ಅಷ್ಟೇ. ಒಂದು ವಿಡಿಯೊವನ್ನು ಎರಡು ನಿಮಿಷಕ್ಕೆ ನಿಲ್ಲಿಸಿ, ಹೆಚ್ಚು ಬೆಳಕು ಬೇಕಿದ್ದರೆ ಹಿಂದೆಯೇ ಇನ್ನೂ ನಾಲ್ಕೈದು ವಿಡಿಯೊ ತೆಗೆದುಕೊಳ್ಳಬೇಕು.

ಅವನ್ನೆಲ್ಲ ಒಂದೇ ಕ್ಷಣಕ್ಕೆ ತಿರುಗಿಸಿ ಸೇರಿಸುವ ಕೆಲಸವನ್ನು ವಿನ್‌ಜುಪೋಸ್ ಎಂಬ ತಂತ್ರಾಂಶ ಮಾಡುತ್ತದೆ. ಇದನ್ನು ಸೇರಿಸಿದ ಟಿಫ್ ಚಿತ್ರಗಳ ಮೇಲೆ ಮಾಡಿ, ಕಚ್ಚಾ ವಿಡಿಯೊದ ಮೇಲೆ ಬೇಡ. ಚೌಕುಳಿ ಇರುವಂತೆಯೇ ಬಿಂಬವನ್ನು ಬಾಗಿಸಿ ತಿರುಗಿಸಿದರೆ ಬೇಯರ್ ಕ್ರಮ ಉಳಿಯುವುದಿಲ್ಲ. ವಿನ್‌ಜುಪೋಸ್‌ಗೆ ವಿಡಿಯೊದ ನಡುವಿನ ಸಮಯ ಜಾಗತಿಕ ಕಾಲಮಾನದಲ್ಲಿ ಬೇಕು. ಫೈಲಿನ ಹೆಸರನ್ನು 2026-01-10-1630_5 ಎಂಬ ಮಾದರಿಯಲ್ಲಿ ಇಟ್ಟರೆ ಅದು ತಾನೇ ಓದಿಕೊಳ್ಳುತ್ತದೆ. ಕೊನೆಯ ಅಂಕಿ ನಿಮಿಷದ ಹತ್ತನೆಯ ಭಾಗ. ಭಾರತೀಯ ಕಾಲಮಾನದಿಂದ ಐದೂವರೆ ಗಂಟೆ ಕಳೆಯಲು ಮರೆತರೆ ಗುರು ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿದಂತೆ ಲೆಕ್ಕ ಬೀಳುತ್ತದೆ. ಮಧ್ಯರಾತ್ರಿ ದಾಟಿ ಬೆಳಗಿನ 5.30ರೊಳಗೆ ತೆಗೆದ ವಿಡಿಯೊಗಳಲ್ಲಿ ಜಾಗತಿಕ ತಾರೀಖು ಹಿಂದಿನ ದಿನದ್ದೆಂಬುದನ್ನೂ ಗಮನಿಸಬೇಕು.

ಬಣ್ಣಗಳನ್ನು ಒಂದರ ಮೇಲೊಂದು ಕೂರಿಸುವುದು

ವಾತಾವರಣ ನೀಲಿಯನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಗ್ರಹ 45 ಡಿಗ್ರಿ ಎತ್ತರದಲ್ಲಿದ್ದಾಗ ಕಣ್ಣಿಗೆ ಕಾಣುವ ಬೆಳಕಿನ ಎರಡು ತುದಿಗಳ ನಡುವಿನ ಅಂತರ ಒಂದು ಆರ್ಕ್‌ಸೆಕೆಂಡನ್ನೂ ಮೀರುತ್ತದೆ. ಬಿಂಬದ ಒಂದು ಅಂಚು ನೀಲಿಯಾಗಿ, ಎದುರಿನ ಅಂಚು ಕೆಂಪಾಗಿ ಕಾಣುವುದು ಇದರಿಂದಲೇ. ಈ ವಿಷಯದಲ್ಲಿ ಕರ್ನಾಟಕದಲ್ಲಿರುವವರು ಅದೃಷ್ಟವಂತರು. 2026ರ ಜನವರಿಯಲ್ಲಿ ಮಿಥುನ ರಾಶಿಯಲ್ಲಿದ್ದ ಗುರು ಬೆಂಗಳೂರಿನಿಂದ ನೋಡಿದರೆ ನಡುನೆತ್ತಿಗೆ ಸುಮಾರು 9 ಡಿಗ್ರಿ ಉತ್ತರದಲ್ಲಷ್ಟೇ ದಾಟಿಹೋಗುತ್ತಿತ್ತು, ಆ ಹೊತ್ತಿನಲ್ಲಿ ಈ ದೋಷ ನಗಣ್ಯವಾಗಿತ್ತು. ಲಂಡನ್ನಿನಲ್ಲಿರುವ ಕನ್ನಡಿಗರೊಬ್ಬರಿಗೆ ಅದೇ ಗುರು ನೆತ್ತಿಯಿಂದ 29 ಡಿಗ್ರಿ ಕೆಳಗೇ ಉಳಿಯುತ್ತಿತ್ತು.

ಉಳಿದ ಚಿಕ್ಕ ಅಂತರವನ್ನು ಆಟೋಸ್ಟ್ಯಾಕರ್ಟ್‌ನ ಬಣ್ಣ ಹೊಂದಿಸುವ ಆಯ್ಕೆಯಿಂದಲೋ ರೆಜಿಸ್ಟ್ಯಾಕ್ಸ್ ಎಂಬ ತಂತ್ರಾಂಶದಲ್ಲಿ ಅದೇ ಹೆಸರಿನ ಗುಂಡಿಯಿಂದಲೋ ಸರಿಪಡಿಸಬಹುದು. ಮೂರು ಬಣ್ಣಗಳನ್ನು ಒಂದಕ್ಕೊಂದು ಸರಿಸಿ ಕೂರಿಸುವುದಷ್ಟೇ ಇವು ಮಾಡುವ ಕೆಲಸ. ಆದರೆ ಹಸಿರೊಂದರ ಒಳಗೇ ಹಲವು ತರಂಗಾಂತರಗಳಿದ್ದು ಅವೂ ಚೆದುರಿರುತ್ತವೆ. ಆ ಮಸುಕನ್ನು ತಂತ್ರಾಂಶ ತೆಗೆಯಲಾರದು. ಗ್ರಹ 45 ಡಿಗ್ರಿಗಿಂತ ಕೆಳಗಿರುವಾಗ ಚಿತ್ರ ತೆಗೆಯಲೇಬೇಕೆಂದಿದ್ದರೆ ಎರಡು ಪಟ್ಟಕಗಳಿರುವ ಚೆದುರುವಿಕೆ ತಿದ್ದುವ ಸಾಧನವನ್ನು ಕ್ಯಾಮೆರಾದ ಮುಂದೆ ಹಾಕುವುದೇ ದಾರಿ. ಈ ಹೊಂದಿಸುವಿಕೆಯನ್ನು ಹರಿತಗೊಳಿಸುವ ಮೊದಲೇ ಮುಗಿಸಬೇಕು.

ಹರಿತಗೊಳಿಸುವುದು

ಸೇರಿಸಿ ಬಂದ ಚಿತ್ರ ಮಂಜು ಕವಿದಂತೆ ಮೃದುವಾಗಿರುತ್ತದೆ. ರೆಜಿಸ್ಟ್ಯಾಕ್ಸ್ 6 ಅಥವಾ ಅದನ್ನು ಬರೆದ ಕಾರ್ ಬೆರೆವೂಟ್ಸ್ ಅವರ ಹೊಸ ತಂತ್ರಾಂಶ ವೇವ್‌ಶಾರ್ಪ್‌ನಲ್ಲಿ ವೇವ್ಲೆಟ್ ವಿಧಾನದಿಂದ ಒಳಗಿನ ವಿವರವನ್ನು ಹೊರತೆಗೆಯಬಹುದು. ವಿವರಗಳನ್ನು ಗಾತ್ರಕ್ಕೆ ತಕ್ಕಂತೆ ಆರು ಪದರಗಳಾಗಿ ಬೇರ್ಪಡಿಸಿ, ಬೇಕಾದ ಪದರವನ್ನಷ್ಟೇ ಎತ್ತಿ ತೋರಿಸುವುದು ಇದರ ಬಗೆ. ಮೊದಲ ಪದರದಲ್ಲಿ ಅತಿ ಸಣ್ಣ ವಿವರವೂ ಗದ್ದಲವೂ ಒಟ್ಟಿಗೆ ಇರುತ್ತವೆ. ನಾನು ಎರಡನೆಯ ಮತ್ತು ಮೂರನೆಯ ಪದರಗಳನ್ನು ಮೊದಲು ಏರಿಸಿ, ಪಟ್ಟಿಗಳ ಅಂಚು ಚೆನ್ನಾಗಿ ಎದ್ದ ಮೇಲೆ, ಗದ್ದಲ ಇಳಿಸುವ ಜಾರುಗುಂಡಿಯನ್ನು ಸ್ವಲ್ಪ ಹಾಕಿಕೊಂಡು ಮೊದಲನೆಯದಕ್ಕೆ ಬರುತ್ತೇನೆ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಗ್ರಹದ ಅಂಚು ಹೇಳುತ್ತದೆ. ಗುರುವಿನ ಅಂಚು ಸಹಜವಾಗಿ ಮಂಕಾಗುತ್ತ ಕತ್ತಲಿಗೆ ಇಳಿಯುತ್ತದೆ. ಅಲ್ಲಿ ತೆಳುವಾದ ಬೆಳ್ಳಗಿನ ಗೆರೆಯೋ, ಅದರ ಒಳಗೆ ಸಮಾನಾಂತರವಾಗಿ ಇನ್ನೊಂದು ಗೆರೆಯೋ ಮೂಡಿದರೆ ಹರಿತ ಅತಿಯಾಗಿದೆ ಎಂದರ್ಥ. ಬಿಂಬದ ಮೇಲೆ ಉಪಗ್ರಹದ ನೆರಳು ಬಿದ್ದಿದ್ದರೆ ಅದರ ಸುತ್ತಲೂ ಬಿಳಿ ಉಂಗುರ ಬಂದಿದೆಯೇ ನೋಡಿ. ಬಣ್ಣದ ಕ್ಯಾಮೆರಾದ ಚಿತ್ರಕ್ಕೆ ವಿಶೇಷವಾದ ಇನ್ನೊಂದು ಸೂಚನೆ ಇದೆ: ಬಿಂಬವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದಾಗ ಎರಡು ಪಿಕ್ಸೆಲ್‌ಗೊಮ್ಮೆ ಮರುಕಳಿಸುವ ಚೌಕುಳಿಯ ಛಾಯೆ ಕಂಡರೆ, ಬೇಯರ್ ಡ್ರಿಜಲ್‌ಗೆ ಬೇಕಾದಷ್ಟು ಫ್ರೇಮು ಸಿಕ್ಕಿಲ್ಲ ಅಥವಾ ಗ್ರಹ ಸಾಕಷ್ಟು ಅಲುಗಾಡಿಲ್ಲ. ಆಗ ಆಟೋಸ್ಟ್ಯಾಕರ್ಟ್‌ಗೆ ಮರಳಿ ಶೇಕಡಾ ಹೆಚ್ಚಿಸುವುದೇ ಪರಿಹಾರ. ವೇವ್ಲೆಟ್‌ನಿಂದ ಅದನ್ನು ಮುಚ್ಚಲು ಹೋದರೆ ವಿವರವೂ ಮುಚ್ಚಿಹೋಗುತ್ತದೆ.

ನೀಲಿಯನ್ನು ಬೇರೆಯಾಗಿ ನೋಡುವುದೂ ಒಳ್ಳೆಯದು. ಗಾಳಿಯ ಕದಲಿಕೆ ನೀಲಿ ಬೆಳಕನ್ನು ಹೆಚ್ಚು ಕಾಡುತ್ತದೆ, ಸೆನ್ಸರಿಗೆ ಅದರ ಅಳತೆಯೂ ಕಡಿಮೆ ಸಿಕ್ಕಿರುತ್ತದೆ. ಮೂರು ಬಣ್ಣಗಳನ್ನು ಬೇರ್ಪಡಿಸಿ ನೀಲಿಗೆ ಮಾತ್ರ ಹರಿತ ಕಡಿಮೆ ಮಾಡಿದರೆ, ಅಥವಾ ಒಟ್ಟು ಪ್ರಕಾಶವನ್ನು ಹರಿತಗೊಳಿಸಿ ಬಣ್ಣವನ್ನು ಮೃದುವಾಗಿಯೇ ಬಿಟ್ಟರೆ, ಮಚ್ಚೆ ಮಚ್ಚೆಯಾದ ಬಣ್ಣದ ಗದ್ದಲ ತಗ್ಗುತ್ತದೆ.

ಬಣ್ಣದ ಸಮತೋಲ

ಹಸಿರಿಗೆ ಸೆನ್ಸರ್ ಹೆಚ್ಚು ಸ್ಪಂದಿಸುವುದರಿಂದ ಸೇರಿಸಿದ ಚಿತ್ರ ಹಸಿರುಗಟ್ಟಿರುವುದು ಸಾಮಾನ್ಯ, ಅದಕ್ಕೆ ಗಾಬರಿಯಾಗಬೇಕಿಲ್ಲ. ಮೊದಲು ಹಿನ್ನೆಲೆಯ ಆಕಾಶದಲ್ಲಿ ಮೂರೂ ಬಣ್ಣಗಳ ಅಂಕಿ ಸಮವಾಗುವಂತೆ ಕೆಳತುದಿಯನ್ನು ಹೊಂದಿಸಿ, ಆಮೇಲೆ ಮೂರು ಹಿಸ್ಟೋಗ್ರಾಮ್‌ಗಳ ಮೇಲ್ತುದಿಗಳನ್ನು ಹತ್ತಿರ ತನ್ನಿ. ಗುರುವಿನ ಬೆಳ್ಳಗಿನ ವಲಯಗಳು ಅಪ್ಪಟ ಬಿಳಿಯಲ್ಲ, ಕೆನೆಬಣ್ಣದ ಸೋಂಕಿನವು. ಆದ್ದರಿಂದ ನೀಲಿಯ ತುದಿಯನ್ನು ಕೆಂಪು ಮತ್ತು ಹಸಿರಿಗಿಂತ ಒಂದಿಷ್ಟು ಹಿಂದೆಯೇ ನಿಲ್ಲಿಸಿದರೆ ಬಣ್ಣ ನಂಬುವಂತಿರುತ್ತದೆ. ಸಾಂದ್ರತೆಯನ್ನು ಕೊನೆಯಲ್ಲಿ ತುಸು ಏರಿಸಬಹುದು. ಜೂನೋ ನೌಕೆಯ ಚಿತ್ರಗಳೆಂದು ಎಲ್ಲೆಡೆ ಹರಿದಾಡುವ ಕಡುನೀಲಿ ಸುಳಿಗಳು ಬಹುಮಟ್ಟಿಗೆ ಬಣ್ಣವನ್ನು ಬಲವಾಗಿ ಎಳೆದು ಮಾಡಿದವು. ಅವನ್ನು ಗುರಿಯಾಗಿಟ್ಟುಕೊಂಡರೆ ನಮ್ಮ ಅಳತೆಗೆ ನಾವೇ ಅನ್ಯಾಯ ಮಾಡಿದಂತಾಗುತ್ತದೆ.

ಕಚ್ಚಾ ಫೈಲನ್ನು ಅಳಿಸುವ ಮೊದಲು

ಒಂದು ರಾತ್ರಿಗೆ ಹತ್ತಾರು ವಿಡಿಯೊ ಸೇರಿದರೆ ಡಿಸ್ಕ್ ಬೇಗ ತುಂಬುತ್ತದೆ, ಎಲ್ಲವನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ಆದರೂ ಅಳಿಸುವ ಮೊದಲು ಒಂದು ಪರಿಶೀಲನೆ ಆಗಲೇಬೇಕು. 2010ರ ಜೂನ್ 3ರಂದು ಆಸ್ಟ್ರೇಲಿಯದ ಆಂಥೊನಿ ವೆಸ್ಲಿ ಗುರುವಿನ ಮೇಲೆ ಕ್ಷಣಕಾಲ ಬೆಳಗಿದ ಒಂದು ಮಿಂಚನ್ನು ವಿಡಿಯೊದಲ್ಲಿ ಕಂಡರು. ಫಿಲಿಪ್ಪೀನ್ಸ್‌ನ ಕ್ರಿಸ್ಟೋಫರ್ ಗೊ ಅವರ ವಿಡಿಯೊದಲ್ಲೂ ಅದೇ ಮಿಂಚು ಸಿಕ್ಕಿತು. ಬಾಹ್ಯಾಕಾಶದ ಸಣ್ಣ ಕಾಯವೊಂದು ಗುರುವಿಗೆ ಅಪ್ಪಳಿಸಿದ್ದು ಹೀಗೆ ಎರಡು ಕಡೆಯಿಂದ ಖಚಿತವಾಯಿತು. ಅಂಥ ಮಿಂಚು ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಸಾವಿರಾರು ಫ್ರೇಮುಗಳ ಸರಾಸರಿಯಲ್ಲಿ ಕರಗಿಹೋಗುತ್ತದೆ. ಸೇರಿಸಿದ ಚಿತ್ರದಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಮಾರ್ಕ್ ಡೆಲ್ಕ್ರಾ ಅವರ ಡಿಟೆಕ್ಟ್ ಎಂಬ ಉಚಿತ ತಂತ್ರಾಂಶ ಕಚ್ಚಾ ವಿಡಿಯೊಗಳನ್ನು ಒಂದೊಂದೇ ಫ್ರೇಮಿನಂತೆ ಜಾಲಾಡಿ ಇಂಥ ಮಿಂಚಿನ ಸುಳಿವನ್ನು ಹುಡುಕುತ್ತದೆ. ರಾತ್ರಿಯ ವಿಡಿಯೊಗಳಿರುವ ಫೋಲ್ಡರನ್ನು ಅದಕ್ಕೆ ಒಪ್ಪಿಸಿ, ಅದರ ವರದಿ ಬಂದ ಮೇಲೆ ಆ ರಾತ್ರಿಯ ಅತ್ಯುತ್ತಮ ಒಂದೆರಡು ಎಸ್‌ಇಆರ್ ಫೈಲುಗಳನ್ನು, ಗೇನ್ ಮತ್ತು ಎಕ್ಸ್‌ಪೋಷರ್ ಬರೆದಿರುವ ಪಠ್ಯ ಫೈಲಿನ ಜೊತೆಗೆ, ಬೇರೆ ಡಿಸ್ಕಿಗೆ ತೆಗೆದಿಟ್ಟು ಉಳಿದವನ್ನು ಅಳಿಸಬಹುದು.